ವಿಚ್ಛೇದನ: ಜಗಳ ಕೋರ್ಟಿನ ಹೊರಗೆ ಮುಗಿಯಲಿ, ಡಿಕ್ರಿ ಕೋರ್ಟಿನಲ್ಲೇ ಪಡೆಯಿರಿ

ಊರ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಬರೆದು ಸಹಿ ಹಾಕಿದರೆ ಹಿಂದೂ ವಿವಾಹ ಮುರಿಯುವುದಿಲ್ಲ. ತಮ್ಮ ಸಮುದಾಯದಲ್ಲಿ ಅಂಥ ರೂಢಿಯಿದೆ ಎಂದು ಸಾಬೀತು ಮಾಡಬಲ್ಲವರಿಗಷ್ಟೇ ವಿನಾಯಿತಿ. ಆ ಕಾಗದ ನಂಬಿ ಮರುಮದುವೆಯಾದರೆ ಕ್ರಿಮಿನಲ್ ಕೇಸು ಬೀಳಬಹುದು. ಆದರೆ ಹಣ, ಒಡವೆ, ಮಕ್ಕಳು, ಮನೆಯ ವಿಚಾರವೆಲ್ಲ ಹೊರಗೇ ಬಗೆಹರಿಸಿಕೊಂಡು, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಡಿಕ್ರಿಗಾಗಿ, ಅಂದರೆ ಕೋರ್ಟಿನ ಅಂತಿಮ ಆದೇಶಕ್ಕಾಗಿ, ಜಂಟಿ ಅರ್ಜಿ ಹಾಕಬಹುದು.

ಕೇಸ್ ಹಾಕುವ ಮೊದಲೇ ಮಧ್ಯಸ್ಥಿಕೆ ಕೋರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಸಹಾಯವಾಣಿ 15100. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ಮಧ್ಯಸ್ಥಗಾರರು ತೀರ್ಪು ಕೊಡುವವರಲ್ಲ; ಇಬ್ಬರನ್ನೂ ಒಟ್ಟಿಗೂ ಬೇರೆಬೇರೆಯಾಗಿಯೂ ಮಾತಾಡಿಸುತ್ತಾರೆ. ಅಲ್ಲಿ ಆಡಿದ್ದು ಗೋಪ್ಯ. ಹೊಡೆತ, ಬೆದರಿಕೆ ಇದ್ದರೆ ಮಾತ್ರ ಮೊದಲು ರಕ್ಷಣಾ ಆದೇಶ ಪಡೆಯಿರಿ. ಹೆದರಿ ಒಪ್ಪಿದ್ದು ಒಪ್ಪಿಗೆಯೇ ಅಲ್ಲ.

ಮಾತುಕತೆಗೆ ಕೂರುವ ಮೊದಲು ಇಬ್ಬರೂ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಕಂತಿನ ವಿವರ ತರಬೇಕು. ಜೀವನಾಂಶದ ಕೇಸುಗಳಿಗೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಗೊತ್ತುಮಾಡಿದ ಆಸ್ತಿ–ಸಾಲದ ಅಫಿಡವಿಟ್ ನಮೂನೆಯನ್ನೇ ತುಂಬಿದರೆ ಮುಚ್ಚಿಡಲು ಜಾಗ ಕಡಿಮೆ.

ಒಪ್ಪಂದಗಳು ಕೆಡುವುದು ಹೆಚ್ಚಾಗಿ ಬರವಣಿಗೆಯಲ್ಲಿ. "ಒಡವೆ ವಾಪಸ್" ಎಂದರೆ ಸಾಲದು: ಒಂದೊಂದರ ಹೆಸರು, ಗ್ರಾಂ, ಕೊಡುವ ದಿನಾಂಕ ಬೇಕು. "ಮಗುವನ್ನು ಆಗಾಗ ನೋಡಬಹುದು" ಎಂಬ ಸಾಲು ಮುಂದಿನ ಜಗಳದ ಬೀಜ; ಯಾವ ಶನಿವಾರ, ಎಷ್ಟು ಗಂಟೆಗೆ, ಎಲ್ಲಿಂದ ಕರೆದೊಯ್ಯುವುದು, ದಸರಾ ಮತ್ತು ಬೇಸಿಗೆ ರಜೆ ಯಾರ ಬಳಿ, ಪಾಸ್‌ಪೋರ್ಟಿಗೆ ಯಾರ ಸಹಿ, ಎಲ್ಲವನ್ನೂ ಬರೆಯಿರಿ. ತಾಯಿ ತನ್ನ ಜೀವನಾಂಶ ಬಿಟ್ಟುಕೊಟ್ಟರೂ ಮಗುವಿನದನ್ನು ಬಿಟ್ಟುಕೊಡಲಾಗದು. ಶಾಲಾ ಶುಲ್ಕ ವರ್ಷವರ್ಷ ಏರುವುದರಿಂದ ಮೊತ್ತವೂ ಏರುವಂತೆ ನಮೂದಿಸಿ.

ಗೃಹಸಾಲವನ್ನು ಒಬ್ಬರೇ ಕಟ್ಟುವುದೆಂದು ನೀವು ಬರೆದುಕೊಂಡರೆ ಬ್ಯಾಂಕಿಗೆ ಅದು ಅನ್ವಯಿಸದು. ಸಹ-ಸಾಲಗಾರರ ಹೆಸರು ತೆಗೆಯಲು ಬ್ಯಾಂಕ್ ಲಿಖಿತವಾಗಿ ಒಪ್ಪಬೇಕು. ಮನೆಯ ಪಾಲು ಬಿಡುವವರು ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು.

ವರದಕ್ಷಿಣೆ ಕಿರುಕುಳದ ಕೇಸಿದ್ದರೆ ರಾಜಿಯಾಯಿತೆಂದು ದೂರು ಹಿಂಪಡೆದರೆ ಮುಗಿಯದು. ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು. ಅದಕ್ಕೆ ಸಹಕರಿಸುವ ಷರತ್ತೂ, ಖರ್ಚು ಯಾರದೆಂಬುದೂ ಒಪ್ಪಂದದಲ್ಲಿರಲಿ.

ಜಂಟಿ ಅರ್ಜಿಗೆ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ನಂತರ ಆರು ತಿಂಗಳ ಕಾಯುವಿಕೆ. ಎಲ್ಲ ಇತ್ಯರ್ಥವಾಗಿದ್ದರೆ ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವವರೆಗೆ ಒಪ್ಪಿಗೆ ಹಿಂಪಡೆಯುವ ದಾರಿ ತೆರೆದಿರುವ ಕಾರಣ ಪೂರ್ತಿ ಹಣ ಮೊದಲೇ ಕೊಡಬೇಡಿ, ಪೂರ್ತಿ ಕೊನೆಗೂ ಉಳಿಸಬೇಡಿ. ಅರ್ಧ ಮೊದಲ ಹಾಜರಿಯ ದಿನ, ಉಳಿದರ್ಧ ಅಂತಿಮ ಹೇಳಿಕೆಯ ದಿನ, ಎರಡೂ ಡಿಡಿಯಲ್ಲಿ. ಡಿಕ್ರಿಯ ದೃಢೀಕೃತ ಪ್ರತಿ ಕೈಸೇರಿದೊಡನೆ ವಿಮೆ, ಪಿಎಫ್, ಬ್ಯಾಂಕ್ ಖಾತೆಗಳ ನಾಮಿನಿ ಹೆಸರು ಬದಲಿಸಿ.