ಕೋಆಲ್ಜೀಬ್ರಾ ಕೈಗೆ ಬಂದರೆ ನಾನು ಮೊದಲು ನೋಡುವುದು

ಕೋಆಲ್ಜೀಬ್ರಾ ಅಂದರೆ ಗುಣಾಕಾರದ ತಿರುಗುಮುರುಗು ಇರುವ ವೆಕ್ಟರ್ ಸ್ಪೇಸ್: ಡೆಲ್ಟಾ ಎಂಬ ಮ್ಯಾಪ್ ಒಂದು ಎಲಿಮೆಂಟನ್ನು ಜೋಡಿಗಳ ಮೊತ್ತವಾಗಿ ಬಿಡಿಸುತ್ತದೆ. ಅದಕ್ಕೆ ಹೊಂದುವ ಗುಣಾಕಾರ ಸೇರಿದರೆ ಬೈಆಲ್ಜೀಬ್ರಾ. ಇನ್ವರ್ಸ್ ಥರ ಕೆಲಸ ಮಾಡುವ ಆಂಟಿಪೋಡ್ ಎಂಬ ಮ್ಯಾಪ್ ಕೂಡ ಇದ್ದರೆ ಹಾಫ್ ಆಲ್ಜೀಬ್ರಾ. ಒಂದು ಕೋಆಲ್ಜೀಬ್ರಾ ಕೊಟ್ಟು ‘ಇದು ಹಾಫ್ ಆಲ್ಜೀಬ್ರಾ ಆಗುತ್ತಾ?’ ಎಂದು ಕೇಳಿದರೆ ಜಾಸ್ತಿ ಜನ ಸೀದಾ ಆಂಟಿಪೋಡ್ ಹುಡುಕಲು ಹೊರಡುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಗುಣಾಕಾರವೇ ಕೂರದ ಕಡೆ ಆಂಟಿಪೋಡ್ ಎಲ್ಲಿಂದ ಬರಬೇಕು?

ಮೊದಲು ಗ್ರೂಪ್‌ಲೈಕ್ ಎಲಿಮೆಂಟ್ ಇದೆಯಾ ನೋಡುತ್ತೇನೆ. ಅಂದರೆ ಡೆಲ್ಟಾ ಹಾಕಿದಾಗ ಜಿ⊗ಜಿ ಆಗುವ, ಸೊನ್ನೆಯಲ್ಲದ ಜಿ (⊗ ಅಂದರೆ ಎರಡನ್ನು ಜೋಡಿ ಮಾಡುವ ಟೆನ್ಸರ್ ಗುರುತು). ಬೈಆಲ್ಜೀಬ್ರಾದ 1 ಅಂಥದ್ದೇ ಆಗಿರಬೇಕು. 2×2 ಮ್ಯಾಟ್ರಿಕ್ಸ್ ಕೋಆಲ್ಜೀಬ್ರಾದಲ್ಲಿ (ಬೇಸಿಸ್‌ನಲ್ಲಿ ನಾಲ್ಕು ಎಲಿಮೆಂಟ್, ಡೆಲ್ಟಾ ಮ್ಯಾಟ್ರಿಕ್ಸ್ ಗುಣಾಕಾರದ ನಿಯಮದಂತೆ) ಅಂಥದ್ದು ಒಂದೂ ಇಲ್ಲ. ಹಾಗಾಗಿ ಅದರ ಮೇಲೆ ಯಾವ ಗುಣಾಕಾರ ತಂದರೂ ಆಗುವುದಿಲ್ಲ.

ಆಮೇಲೆ ಪ್ರಿಮಿಟಿವ್‌ಗಳು. ಪ್ರಿಮಿಟಿವ್ ಅಂದರೆ ಡೆಲ್ಟಾ ಹಾಕಿದಾಗ ಎಕ್ಸ್⊗1 + 1⊗ಎಕ್ಸ್ ಆಗುವ ಎಕ್ಸ್. ಜಯನಗರದಿಂದ ಯಶವಂತಪುರಕ್ಕೆ ಮೆಟ್ರೋದಲ್ಲಿ ಕೂತು ಒಂದು ಚಿಕ್ಕ ಲೆಕ್ಕ ಮಾಡಿದ್ದೆ, ಈಗಲೂ ಅದೇ ನನಗೆ ಇಷ್ಟ. ಬೇಸಿಸ್‌ನಲ್ಲಿ ಎರಡೇ: 1 ಮತ್ತು ಎಕ್ಸ್. ಎಕ್ಸ್‌ನ ಡೆಲ್ಟಾ ಎಕ್ಸ್⊗1 + 1⊗ಎಕ್ಸ್. ಎಕ್ಸ್² ಎಲ್ಲಿ ಹೋಗುತ್ತದೆ? ಕೋಯುನಿಟ್ (ಎಲಿಮೆಂಟಿಗೆ ಒಂದು ಸಂಖ್ಯೆ ಕೊಡುವ ಮ್ಯಾಪ್; 1ಕ್ಕೆ 1, ಎಕ್ಸ್‌ಗೂ ಎಕ್ಸ್²ಗೂ 0) ಹಾಕಿದರೆ ಎಕ್ಸ್²ನಲ್ಲಿ 1ರ ಭಾಗ ಬಿದ್ದುಹೋಗುತ್ತದೆ, ಎಕ್ಸ್‌ನ ಗುಣಕ ಮಾತ್ರ ಉಳಿಯುತ್ತದೆ. ಹಾಗಾದರೆ ಎಕ್ಸ್² ಕೂಡ ಪ್ರಿಮಿಟಿವ್ ಆಗಬೇಕು. ಆದರೆ ಡೆಲ್ಟಾವನ್ನು ವರ್ಗ ಮಾಡಿದರೆ ನಡುವೆ 2 ಎಕ್ಸ್⊗ಎಕ್ಸ್ ಉಳಿದುಬಿಡುತ್ತದೆ. ಅದು ಸೊನ್ನೆಯಾಗಲು ಫೀಲ್ಡ್‌ನ (ಗುಣಕಗಳು ಬರುವ ಸಂಖ್ಯಾವ್ಯವಸ್ಥೆಯ) ಕ್ಯಾರಕ್ಟರಿಸ್ಟಿಕ್ 2 ಇರಲೇಬೇಕು, ಅಂದರೆ ಅಲ್ಲಿ 1+1 ಸೊನ್ನೆಯಾಗಬೇಕು. ಎಷ್ಟು ಚೆನ್ನಾಗಿದೆ ಅಲ್ವಾ! ಕೋಆಲ್ಜೀಬ್ರಾ ಎಲ್ಲ ಫೀಲ್ಡ್ ಮೇಲೂ ಒಂದೇ ಥರ ಕಾಣುತ್ತದೆ, ಹಾಫ್ ರಚನೆ ಮಾತ್ರ ಫೀಲ್ಡ್ ನೋಡಿ ಒಪ್ಪುತ್ತದೆ. ಡಿವೈಡೆಡ್ ಪವರ್ ಸರಣಿಯನ್ನು (ಡಿ0, ಡಿ1, ಡಿ2 ಎಂದು ಸಾಗುವ ಬೇಸಿಸ್; ಡಿ2ರ ಡೆಲ್ಟಾ ಡಿ0⊗ಡಿ2 + ಡಿ1⊗ಡಿ1 + ಡಿ2⊗ಡಿ0, ಹೀಗೆ) ನಡುವೆ ಕತ್ತರಿಸಿದರೂ ಇದೇ ಕಥೆ. ಕ್ಯಾರಕ್ಟರಿಸ್ಟಿಕ್ 0ರಲ್ಲಿ ಪೂರ್ತಿ ಸರಣಿ ಬೇಕು. ಕ್ಯಾರಕ್ಟರಿಸ್ಟಿಕ್ ಪಿ (ಒಂದು ಅವಿಭಾಜ್ಯ ಸಂಖ್ಯೆ) ಇದ್ದು, ಉದ್ದ ಪಿ‌ಯ ಘಾತವಾದರೆ ಬೈನಾಮಿಯಲ್ ಗುಣಕಗಳು ಬೇಕಾದಲ್ಲಿ ಸೊನ್ನೆಯಾಗಿ ದಾರಿ ಬಿಡುತ್ತವೆ.

ಬೈಆಲ್ಜೀಬ್ರಾ ಸಿಕ್ಕಮೇಲೆ ಆಂಟಿಪೋಡ್ ಅಷ್ಟು ಕಷ್ಟವಲ್ಲ. ಕೋಆಲ್ಜೀಬ್ರಾ ಕನೆಕ್ಟೆಡ್ (ಅದರೊಳಗೆ ಇನ್ನು ಒಡೆಯಲಾಗದ ತುಂಡು 1ರದ್ದು ಮಾತ್ರ) ಆಗಿದ್ದರೆ ಅದು ತಾನಾಗಿಯೇ ಬರುತ್ತದೆ. ಗಣಿತಜ್ಞ ತಕೆಯುಚಿ 1971ರಲ್ಲೇ ದಾರಿ ತೋರಿಸಿದ್ದಾರೆ. ಪಾಯಿಂಟೆಡ್ (ಒಡೆಯಲಾಗದ ತುಂಡುಗಳೆಲ್ಲ ಒಂದೊಂದು ಗ್ರೂಪ್‌ಲೈಕ್‌ನದ್ದೇ) ಆಗಿದ್ದರೆ ಪ್ರತಿ ಗ್ರೂಪ್‌ಲೈಕ್‌ಗೂ ಇನ್ವರ್ಸ್ ಇದ್ದರೆ ಸಾಕು.

ಮಲ್ಲೇಶ್ವರದ ನಮ್ಮ ಓದಿನ ಗುಂಪಿನಲ್ಲಿ ಒಬ್ಬ ಹುಡುಗ, ‘ಅಕ್ಕಾ, ಹಾಗಾದ್ರೆ ಮ್ಯಾಟ್ರಿಕ್ಸ್ ಕೋಆಲ್ಜೀಬ್ರಾ ಸುಮ್ನೆ ಬಿಟ್ಟುಬಿಡೋದಾ?’ ಎಂದ. ಬಿಡಬೇಕಿಲ್ಲ. ಆ ನಾಲ್ಕು ಎಲಿಮೆಂಟ್‌ಗಳ ಮೇಲೆ ಪಾಲಿನಾಮಿಯಲ್ ರಿಂಗ್ ಕಟ್ಟಿದರೆ ಬೈಆಲ್ಜೀಬ್ರಾ ಸಿಗುತ್ತದೆ. ಅಲ್ಲಿ ಡಿಟರ್ಮಿನಂಟ್ ಗ್ರೂಪ್‌ಲೈಕ್, ಆದರೆ ಅದಕ್ಕೆ ಇನ್ವರ್ಸ್ ಇಲ್ಲ. ಆ ಇನ್ವರ್ಸನ್ನು ಸೇರಿಸಿದೆವು. ಆಂಟಿಪೋಡ್ ಎಂದು ಬಂದದ್ದು ಅಡ್ಜಾಯಿಂಟನ್ನು ಡಿಟರ್ಮಿನಂಟ್‌ನಿಂದ ಭಾಗಿಸುವ, ಸೆಕೆಂಡ್ ಪಿಯುಸಿಯ ಅದೇ ಸೂತ್ರ.