ಹಳೆ ಗೋವೆಯ ಸೇ ಕ್ಯಾಥೆಡ್ರಲ್ ನೋಡುವ ಕ್ರಮ

ಕಾರವಾರದ ಕಡೆಯಿಂದ ರೈಲಿನಲ್ಲಿ ಹೋಗುವವರು ಕರ್ಮಲಿಯಲ್ಲಿ ಇಳಿಯಿರಿ, ಹಳೆ ಗೋವೆ ಅಲ್ಲಿಂದ ಹತ್ತಿರ. ಬೆಳಿಗ್ಗೆಯೇ ತಲುಪಬೇಕು. ಕ್ಯಾಥೆಡ್ರಲ್ ಪೂರ್ವಕ್ಕೆ ಮುಖ ಮಾಡಿದೆ, ಮಧ್ಯಾಹ್ನದ ಮೇಲೆ ಮುಂಭಾಗಕ್ಕೆ ಬಿಸಿಲು ಸಿಗದು.

ಬಂದವರೇ ಒಳಗೆ ನುಗ್ಗಬೇಡಿ. ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು ಯಾರನ್ನು ಕರೆದೊಯ್ದರೂ ಮೊದಲು ನಿಲ್ಲಿಸುವುದು ಸಂತ ಕಾಜೆಟಾನ ಚರ್ಚಿನ ಬಳಿಯ ಕಲ್ಲಿನ ಬಾಗಿಲುವಾಡದ ಮುಂದೆ. ಬಿಜಾಪುರದ ಆದಿಲಶಾಹಿಗಳ ಅರಮನೆಯಲ್ಲಿ ಉಳಿದದ್ದು ಅದೊಂದೇ. 1510ರಲ್ಲಿ ಗೋವೆಯ ಮೇಲೆ ಬೀಳುವಂತೆ ಪೋರ್ಚುಗೀಸರ ದಳಪತಿ ಅಫೊನ್ಸೊ ಡಿ ಅಲ್ಬುಕರ್ಕ್‌ನನ್ನು ಹುರಿದುಂಬಿಸಿದವನು ನಮ್ಮ ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮೋಜ. ಗೆದ್ದ ಊರು ಕೆಲವೇ ತಿಂಗಳಲ್ಲಿ ಕೈತಪ್ಪಿತು. ಮತ್ತೆ ವಶವಾದದ್ದು ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ. ಕ್ಯಾಥೆಡ್ರಲ್‌ಗೆ ಆಕೆಯ ಹೆಸರು ಬಂದದ್ದು ಹೀಗೆ. ಭಕ್ತಿಯ ಜೊತೆಗೆ ಯುದ್ಧದ ಗೆಲುವೂ ಆ ಹೆಸರಿನಲ್ಲಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನಡೆಯಿರಿ.

ಈಗ ಹುಲ್ಲುಹಾಸಿನ ಮೇಲೆ ದೂರ ನಿಂತು ಮುಂಭಾಗವನ್ನು ನೋಡಿ. ಒಂದೇ ಗೋಪುರ! ಎರಡನೆಯದು 1776ರಲ್ಲಿ ಕುಸಿಯಿತು, ಮತ್ತೆ ಕಟ್ಟಲಿಲ್ಲ. ನಗರವೇ ರೋಗಗಳಿಗೆ ಹೆದರಿ ಖಾಲಿಯಾಗುತ್ತಿದ್ದಾಗ ಕಟ್ಟುವವರು ಯಾರು? ಉಳಿದ ಗೋಪುರದಲ್ಲಿ 'ಬಂಗಾರದ ಗಂಟೆ' ಇದೆ. ಧರ್ಮವಿಚಾರಣೆಯ ನ್ಯಾಯಾಲಯವಾದ ಇನ್‌ಕ್ವಿಸಿಷನ್ ಬಹಿರಂಗವಾಗಿ ಶಿಕ್ಷೆ ಸಾರುವ ದಿನ ಇದು ಮೊಳಗುತ್ತಿತ್ತು. 1560ರಲ್ಲಿ ಗೋವೆಗೆ ಬಂದ ಆ ನ್ಯಾಯಾಲಯ ಮುಚ್ಚಿದ್ದು 1812ರಲ್ಲಿ. ಗೋವೆಯ ಕೊಂಕಣಿ ಕ್ರೈಸ್ತರು ಮಂಗಳೂರಿನ ಕಡೆಗೆ ವಲಸೆ ಬಂದದ್ದಕ್ಕೆ ಬರ, ಮರಾಠರ ದಾಳಿಗಳ ಜೊತೆ ಇದರ ಭಯವೂ ಕಾರಣ. ಮಾರ್ಗದರ್ಶಿಗಳು ಗಂಟೆಯ ದನಿ ಎಷ್ಟು ಇಂಪು ಎಂದು ಹೇಳಿ ಮುಗಿಸಿದರೆ, ಉಳಿದ ಕಥೆಯನ್ನು ನೀವೇ ಕೇಳಿ.

ಕಟ್ಟಡ ಶುರುವಾದದ್ದು 1562ರಲ್ಲಿ, ಪೋರ್ಚುಗಲ್ ರಾಜನ ಖಜಾನೆಯ ಹಣದಿಂದ. ಮುಖ್ಯ ಭಾಗ ಮುಗಿದದ್ದು 1619ರಲ್ಲಿ, ಬಲಿಪೀಠಗಳು 1652ರಲ್ಲಿ. ಹೊರಗಿನ ಸರಳತೆಯನ್ನು ನೋಡಿ ಒಳಗೆ ಹೋದವರಿಗೆ ಮುಖ್ಯ ಬಲಿಪೀಠದ ಚಿನ್ನದ ಲೇಪ ಕಣ್ಣು ಕುಕ್ಕುತ್ತದೆ. ಬೆರಗಾಗಿ ನಿಂತುಬಿಡದೆ ಅದರ ಫಲಕಗಳನ್ನು ಒಂದೊಂದಾಗಿ ನೋಡಿ: ಕ್ಯಾಥರೀನಳ ಬದುಕು, ಬಲಿದಾನ ಅಲ್ಲಿವೆ. ಬಾಗಿಲ ಬಳಿ 1532ರ ದೀಕ್ಷಾಸ್ನಾನದ ತೊಟ್ಟಿಯೂ ಇದೆ, ಕಟ್ಟಡಕ್ಕಿಂತ ಹಳೆಯದು. ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ಇದನ್ನು ಬಳಸಿದರೆಂಬ ಪ್ರತೀತಿಯಿದೆ. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಹೊರಬಂದು ರಸ್ತೆ ದಾಟಿ ಬೋಮ್ ಜೀಸಸ್ ಬಸಿಲಿಕಾದ ಗೋಡೆಯನ್ನು ಇದರ ಜೊತೆ ಹೋಲಿಸಿ. ಎರಡೂ ನಮ್ಮ ಕರಾವಳಿಯ ಕೆಂಪು ಚಿರೆಕಲ್ಲಿನವೇ. ಚಿರೆಕಲ್ಲು ಮಳೆನೀರು ಕುಡಿಯುತ್ತದೆ, ಅದಕ್ಕೇ ಸುಣ್ಣದ ಗಾರೆಯ ಹೊದಿಕೆ. ಕ್ಯಾಥೆಡ್ರಲ್ ಬೆಳ್ಳಗಿರುವುದು ಅದರಿಂದಲೇ. ಬಸಿಲಿಕಾದ ಗಾರೆಯನ್ನು ಕಳೆದ ಶತಮಾನದಲ್ಲಿ ಕಿತ್ತುಹಾಕಿದರು. ಆ ಕೆಂಪು ಬಣ್ಣ ಫೋಟೋಕ್ಕೆ ಚೆನ್ನ, ಕಲ್ಲಿಗೆ ಕೇಡು.

ಶುಕ್ರವಾರ ಮಾತ್ರ ಹೋಗಬೇಡಿ. ಕ್ಯಾಥೆಡ್ರಲ್ ಹಿಂದಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ.