ಗುಳಿಬಿದ್ದ ಪಕ್ಕೆಗೆ ಉಸಿರು ತುಂಬಿಸಿದ್ದು: ನನ್ನ ಅನುಭವ

ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆಗೆ, ಉಸಿರಾಟದ ವ್ಯಾಯಾಮದಿಂದ ಏನೂ ಆಗದು, ಬ್ರೇಸ್ (ಮೈಗೆ ಬಿಗಿಯುವ ಆಸರೆ ಕವಚ) ಹಾಕಿಸಿ ಇಲ್ಲವೇ ಆಪರೇಷನ್ ಮಾಡಿಸಿ ಎಂದವರೇ ಪುಣೆಯಲ್ಲಿ ನನಗೆ ಹೆಚ್ಚಾಗಿ ಸಿಕ್ಕಿದ್ದು. ಉಸಿರಿನಿಂದ ಬಾಗಿನ ಡಿಗ್ರಿ ಇಳಿಯುತ್ತದೆಂದು ನಾನೂ ಹೇಳುವುದಿಲ್ಲ. ಹಿಗ್ಗದೆ ಕೂತ ಪಕ್ಕೆ ಹಿಗ್ಗುತ್ತದೆ, ಅಷ್ಟಂತೂ ಟೇಪು ಹಿಡಿದು ಅಳೆದಿದ್ದೇನೆ. ನಾನು ವ್ಯಾಯಾಮ ಮಾಡಿಸಿದವರಲ್ಲಿ, ಎದೆಮೂಳೆಯ ಕೆಳತುದಿಯ ಮಟ್ಟದಲ್ಲಿ ಸುಮಾರು 2 ಸೆಂ.ಮೀ. ಹಿಗ್ಗುತ್ತಿದ್ದ ಎದೆ ನಾಲ್ಕೈದು ತಿಂಗಳಲ್ಲಿ 3.5 ದಾಟಿದ್ದುಂಟು.

ಮುಂದೆ ಬರೆದಿರುವುದೆಲ್ಲ ಎದೆಯ ಮಟ್ಟದಲ್ಲಿ ಬೆನ್ನುಮೂಳೆ ಬಲಕ್ಕೆ ಬಾಗಿದವರಿಗೆ. ಎಡಕ್ಕೆ ಬಾಗಿದ್ದರೆ ಎಡಬಲ ಅದಲುಬದಲು.

ಮೊದಲು ಕೆಟ್ಟದ್ದು ಹೇಳುತ್ತೇನೆ. ಬರೀ ದೀರ್ಘ ಉಸಿರು ಎಳೆಸಿದೆ. ಗಾಳಿ ಸುಲಭವಾದ ದಾರಿ ಹಿಡಿಯಿತು, ಉಬ್ಬಿದ ಕಡೆಯೇ ಇನ್ನಷ್ಟು ಉಬ್ಬಿತು. ಬಲೂನು ಊದಿಸಿದೆ, ಕುತ್ತಿಗೆಯ ನರಗಳು ಎದ್ದವು, ಭುಜ ಕಿವಿಗೆ ಬಂತು. ಉಸಿರೆಳೆದು ಚೆಂಡು ಏರಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಮುನ್ನೂರು ರೂಪಾಯಿಯ ಹತ್ತಿರ ಬಿತ್ತು. ಮಕ್ಕಳಿಗೆ ಚೆಂಡು ಏರಿಸುವುದೇ ಗುರಿಯಾಗಿ ಪಕ್ಕೆಯ ಕಡೆ ಗಮನವೇ ಹೋಗಲಿಲ್ಲ. ಅದಕ್ಕೆ ಸುರಿದ ದುಡ್ಡು ನಷ್ಟ.

ಫಲ ಕೊಟ್ಟದ್ದು ಬೋರಲು ಮಲಗಿಸಿದ ಭಂಗಿ. ಹೊಟ್ಟೆಯ ಕೆಳಗೆ ತೆಳು ದಿಂಬು, ಹಣೆಯ ಕೆಳಗೆ ಮಡಿಸಿದ ಟವೆಲ್. ಎಡ ಮುಂಭಾಗದಲ್ಲಿ ಚಾಚಿಕೊಂಡ ಕೆಳಪಕ್ಕೆಯ ಕೆಳಗೆ ಕಾಳು ತುಂಬಿದ ಒಂದು ಚೀಲ, ಬಲ ಭುಜದ ಕೆಳಗೆ ಅದಕ್ಕಿಂತ ಚಿಕ್ಕದೊಂದು. ಮುಂದಕ್ಕೆ ತಿರುಗಿದ ಎಡಪಕ್ಕೆಯನ್ನು ಚೀಲ ಹಿಂದಕ್ಕೆ ಒತ್ತುತ್ತದೆ, ಬೆನ್ನಿನ ಎಡಭಾಗದ ಗುಳಿಗೆ ಜಾಗ ಸಿಗುತ್ತದೆ. ಆ ಗುಳಿಯ ಮೇಲೆ ಎರಡು ಬೆರಳನ್ನು ಹಗುರವಾಗಿ ಇಡಿ. ಒತ್ತಬೇಡಿ; ಒತ್ತಿದರೆ ಸ್ನಾಯು ಗಟ್ಟಿಯಾಗಿ ಉಸಿರು ಬೇರೆ ಕಡೆ ಓಡುತ್ತದೆ. ಮಲಗಿದವರು ಮೂಗಿನಿಂದ ಮೂರು ಎಣಿಕೆ ಎಳೆದುಕೊಂಡು, ಉಬ್ಬುವ ಪಕ್ಕೆಯಿಂದ ಆ ಬೆರಳನ್ನು ಪಕ್ಕಕ್ಕೆ, ಹಿಂದಕ್ಕೆ, ಆಮೇಲೆ ತಲೆಯ ಕಡೆಗೆ ಎತ್ತಬೇಕು.

ಎಡವುವುದೆಲ್ಲ ಉಸಿರು ಬಿಡುವಾಗಲೇ. ‘ಸ್ಸ್’ ಎಂದು ಆರು ಎಣಿಕೆ ಬಿಡುತ್ತ ಬೆನ್ನು, ಹೊಟ್ಟೆ, ಪಕ್ಕೆಯ ಸ್ನಾಯು ಬಿಗಿಹಿಡಿಯಬೇಕು. ಸಡಿಲ ಬಿಟ್ಟರೆ ತುಂಬಿದ ಗುಳಿ ಮತ್ತೆ ಕುಸಿಯುತ್ತದೆ. ಐದಾರು ಉಸಿರು, ಒಂದು ನಿಮಿಷ ವಿರಾಮ, ಹೀಗೆ ಮೂರು ಸುತ್ತು. ತಲೆ ಸುತ್ತಿದರೆ ಅತಿಯಾಯಿತೆಂದೇ ಅರ್ಥ. ಎದ್ದು ಕೂತು ಸಾಮಾನ್ಯ ಉಸಿರು. ಕತಾರಿನಾ ಶ್ರೋತ್ 1921ರ ಸುಮಾರಿಗೆ ಜರ್ಮನಿಯಲ್ಲಿ ಹಾಕಿದ ದಾರಿಯಿದು. ಚೀಲಕ್ಕೆ ತುಂಬುವ ಕಾಳಿನ ಆಯ್ಕೆ ಮಾತ್ರ ನನ್ನದು.

ಎಲ್ಲರೂ ಅಕ್ಕಿ ಚೀಲ ಬಳಸುತ್ತಾರೆ. ಇಲ್ಲಿಯ ಮಳೆಗಾಲಕ್ಕೆ ಅಕ್ಕಿಯಲ್ಲಿ ನುಸಿ ಬಿದ್ದು ಎರಡು ವರ್ಷ ಹಾಳಾಯಿತು. ಮರಳು ಭಾರವಾಯಿತು, ಹೊಲಿಗೆಯ ಸಂದಿನಿಂದ ಸೋರಿತು. ಕೊನೆಗೆ ರಾಗಿ. ಮಾರ್ಕೆಟ್ ಯಾರ್ಡಿನಲ್ಲಿ ನಾಚಣಿ ಎಂದು ಕೇಳಿದರೆ ಸಿಗುತ್ತದೆ. ಕಾಳು ಸಣ್ಣದು, ಪಕ್ಕೆಯ ಆಕಾರಕ್ಕೆ ಅಚ್ಚಿನಂತೆ ಕೂರುತ್ತದೆ, ಹುಳ ಬೀಳುವುದು ತೀರಾ ಕಡಿಮೆ. ಕೋರಾ ಬಟ್ಟೆಯ ಚೀಲಕ್ಕೆ ಮುಕ್ಕಾಲು ಕಿಲೋ. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಬಿಗಿಯಾದರೆ ಕಲ್ಲಿನಂತಾಗುತ್ತದೆ. ಹೊಲಿಗೆ ಸೇರಿ ನೂರು ರೂಪಾಯಿ ಚಿಲ್ಲರೆ. ಆಮದು ಪ್ಯಾಡಿಗಿಂತ ಇದು ಚೆನ್ನಾಗಿ ಕೂರುತ್ತದೆ ಎಂದು ಎದೆತಟ್ಟಿ ಹೇಳುತ್ತೇನೆ.

ಗೋಡೆಯ ಹಗ್ಗವನ್ನೂ ನೋಡಿದೆ. ಕೋಲಾರ ಸೀಮೆಯ ಬೆಳ್ಳೂರಿನಿಂದ ಬಂದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ ಸಂಸ್ಥೆ 1975ರಿಂದ ಇದೇ ಊರಲ್ಲಿದೆ, ಹಾಗಾಗಿ ಹಗ್ಗ ಇಲ್ಲಿ ಯಾರಿಗೂ ಹೊಸದಲ್ಲ. ಎರಡು ನಿಮಿಷ ಹಗ್ಗ ಹಿಡಿದು ಬೆನ್ನು ಉದ್ದ ಮಾಡಿಸಿ ಆಮೇಲೆ ಬೋರಲು ಮಲಗಿಸಿದರೆ ಮೊದಲ ಸುತ್ತಿನಲ್ಲೇ ಬೆರಳು ಏಳುತ್ತದೆ. ಭುಜ ನೋಯುವವರಿಗೆ ಬೇಡ.

ಸೊಂಟದಲ್ಲಿ ಎರಡನೇ ಬಾಗು ಇದ್ದರೆ ಇನ್ನೊಂದು ಚೀಲ ಬೇಕು. ಅದನ್ನಿಡುವ ಜಾಗ, ಕೋನ ಇಲ್ಲಿ ಬರೆಯುವುದಿಲ್ಲ. ಎಕ್ಸ್‌ರೇ ಎದುರಿಗಿಟ್ಟುಕೊಂಡೇ ತೋರಿಸುತ್ತೇನೆ.

ಕಾಬ್ ಕೋನ (ಎಕ್ಸ್‌ರೇಯಲ್ಲಿ ಅಳೆಯುವ ಬಾಗಿನ ಡಿಗ್ರಿ) 70 ದಾಟಿದವರನ್ನು ಶ್ವಾಸಕೋಶದ ಪರೀಕ್ಷೆಯಾಗದೆ ಮಲಗಿಸಬೇಡಿ. ಲ್ಯಾಬಿನವರು ಎತ್ತರ ಕೇಳಿದರೆ ಚಾಚಿದ ಎರಡು ಕೈಗಳ ಬೆರಳ ತುದಿಯಿಂದ ತುದಿಗೆ ಅಳೆದು ಕೊಡಿ. ಬೆನ್ನು ಬಾಗಿದವರ ಎತ್ತರ ಕಡಿಮೆ ಬರುವುದರಿಂದ ಇರಬೇಕಾದ ಸಾಮರ್ಥ್ಯದ ಲೆಕ್ಕವೂ ಇಳಿದು, ಶ್ವಾಸಕೋಶ ಇರುವುದಕ್ಕಿಂತ ಚೆನ್ನಾಗಿರುವಂತೆ ರಿಪೋರ್ಟ್ ಬಂದುಬಿಡುತ್ತದೆ.